ಪೇಪರಿನಲ್ಲಿ ಬಂದ ಸ್ನಾನ

ನಾಶಿಕ
೧೯ ಅಕ್ಟೋಬರ್ ೧೯೭೩

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಫ್ಯಾಕ್ಟರಿಗೆ ಹೋಗಲು ಶುರು ಮಾಡಿದೆಯಾ? ನಿನ್ನ ಆರೈಕೆ, ಮಕ್ಕಳು ಎಂದು ವೈನಿ ಒಬ್ಬರೇ ದುಡಿದು ಸೊರಗಿದ್ದಾರೆ, ಅವರನ್ನು ಸ್ವಲ್ಪ ಕೂರಿಸು. ನಾನು ಆರಾಮ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ, ಅಳು ಮಾತ್ರ ಇನ್ನೂ ಬಂದಿಲ್ಲ. ನೀವಿರುವ ಓಝರ್ ಇಲ್ಲಿಂದ ಮುಕ್ಕಾಲು ತಾಸಿನ ದಾರಿ. ಆದರೂ ಕಾಗದ ಬರೆಯುತ್ತಿದ್ದೇನೆ, ಏಕೆಂದರೆ ಅವ್ವನ ಹದಿಮೂರನೆಯ ದಿನದವರೆಗೂ ಒಂದೇ ಮನೆಯಲ್ಲಿದ್ದು ನೀನು ನನ್ನ ಜೊತೆ ಮಾತಾಡಲಿಲ್ಲ. ಮರಾಠಿ ಪೇಪರನ್ನು ನನ್ನ ಮುಂದಿಟ್ಟು ಎದ್ದು ಹೋದೆ.

ಅದರಲ್ಲಿ ಬಂದ ಫೋಟೋದಲ್ಲಿ ನಾನು ಸೀರೆ ಸಮೇತ ಈಜುಕೊಳದಲ್ಲಿದ್ದೇನೆ, ಸುತ್ತ ನನ್ನ ಹುಡುಗಿಯರು ನಗುತ್ತಿದ್ದಾರೆ. ಸತತ ನಾಲ್ಕನೇ ವರ್ಷ ಕಪ್ ಗೆದ್ದ ಕೋಚ್ ವೇದಾಬಾಯಿಯ ಸಂಭ್ರಮ ಎಂದು ಕೆಳಗೆ ಹಾಕಿದ್ದಾರೆ. ತಾಯಿ ಸತ್ತ ದಿನ ಕುಣಿದಳು ಎಂದು ನೀನು ತಿಳಿದರೆ ತಪ್ಪಲ್ಲ. ಆದರೆ ಅದು ಸಂಭ್ರಮವಲ್ಲ, ಸ್ನಾನ. ಔರಂಗಾಬಾದಿನಲ್ಲಿ ರಿಲೇ ಮುಗಿದಾಗ ಸಂಜೆ ಐದು. ನಿನ್ನ ತಂತಿ ಆಗ ಕೈಗೆ ಬಂತೆಂದು ಮನೆಯಲ್ಲಿ ಹೇಳಿದ್ದೆ. ಸಾವಿನ ಸುದ್ದಿ ಕೇಳಿದರೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ, ಎದುರಿಗಿದ್ದ ನೀರು ಅದೊಂದೇ. ಧುಮುಕಿದೆ. ಹುಡುಗಿಯರು ಗೆದ್ದ ಖುಷಿಯೆಂದುಕೊಂಡು “ವೇದಾಬಾಯಿ!” ಎಂದು ಕಿರುಚುತ್ತ ಹಿಂದೆಯೇ ಹಾರಿದರು. ಅವರಿಗೇನು ಗೊತ್ತು, ಪಾಪ.

ನಾನು ಕಾಲೇಜಿನ ಪರವಾಗಿ ಈಜುವಾಗ, ನೀನು ಬೇಡವೆಂದರೂ ಅವ್ವ ಟವೆಲ್ ಹಿಡಿದು ದಂಡೆಯ ಮೇಲೆ ಕೂರುತ್ತಿದ್ದಳು. “ಮೊದಲ ತಲಿ ಒರಸ್ಕೋ, ಆಮ್ಯಾಲೆ ಗೆದ್ದದ್ದು ಹೇಳುವಂತಿ” ಎನ್ನುತ್ತಿದ್ದಳು. ಓದಿದ ಶಾಲೆಯಲ್ಲೇ ನಾನು ಕೋಚ್ ಆದಾಗ ಓಣಿಗೆಲ್ಲ ಪೇಢೆ ಹಂಚಿದವಳೂ ಅವಳೇ. ಇದನ್ನೆಲ್ಲ ಬರೆಯುವಾಗಲೂ ನನಗೆ ಏನೂ ಆಗುತ್ತಿಲ್ಲ ಅಣ್ಣಾ. ಬೇರೆಯವರ ಮನೆಯ ಸುದ್ದಿ ಬರೆದಂತಿದೆ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಬೈಯುವುದಿದ್ದರೂ ಸರಿ, ಎರಡು ಸಾಲು ಬರೆ.

ನಿನ್ನ ತಂಗಿ,
ವೇದಾವತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ತಂತಿ ಬಂದದ್ದು ಐದಕ್ಕಲ್ಲ, ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೆರಡಕ್ಕೆ ಬಸ್ಸಿತ್ತು. ಹುಡುಗಿಯರನ್ನು ನೋಡಿಕೊಳ್ಳಲು ಮನೋರಮಾ ಟೀಚರ್ ಇದ್ದರು. ನಾನು ತಂತಿ ಮಡಚಿ ಪರ್ಸಿನಲ್ಲಿಟ್ಟು ಸೀಟಿ ಊದಿದೆ, ಯಾರಿಗೂ ಹೇಳಲಿಲ್ಲ. ಕತ್ತಲಾಗುವವರೆಗೂ ಅವ್ವನನ್ನು ಎತ್ತದೆ ನೀವು ನನಗಾಗಿ ಕಾದಿರೆಂದು ವೈನಿ ಹೇಳಿದರು. ಆ ಬಸ್ಸು ಹತ್ತಿದ್ದರೆ ಅವಳ ಮುಖ ನೋಡಲು ಸಿಗುತ್ತಿತ್ತು. ನನಗೆ ನೋಡುವುದು ಬೇಡವಾಗಿತ್ತು.