ಕಡತಗಳು ದಾರಿ ತಪ್ಪುವುದಿಲ್ಲ

ಮಾನ್ಯ ಕಲ್ಯಾಣಾಧಿಕಾರಿಗಳೇ,

ಮರೆವಿನ ಕಾಯಿಲೆಯವರಿಗಾಗಿ ನಡೆಯುತ್ತಿದ್ದ ಮಧ್ಯಾಹ್ನದ ಕೂಟವನ್ನು ಈ ತಿಂಗಳ ಕೊನೆಗೆ ನಿಲ್ಲಿಸುತ್ತಿದ್ದೀರಿ. ಕಾರಣವನ್ನು ನಿಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಓದಿದೆ: 'ಫಲಾನುಭವಿಗಳ ನಿರಾಸಕ್ತಿ'. ನಿರಾಸಕ್ತಿ ದೊಡ್ಡವರ ಗುಣ ಸ್ವಾಮಿ. ಏನು ಬೇಡ ಎನ್ನುವುದಾದರೂ ನೆನಪಿರುವವರಿಗೆ ಅದು ಒಪ್ಪುತ್ತದೆ. ನಮ್ಮವರಿಗೆ ಅಷ್ಟು ಅನುಕೂಲವಿಲ್ಲ. ಅವರು ಕೂಟಕ್ಕೆ ಬರುವುದನ್ನು ಬಿಡಲಿಲ್ಲ. ನೀವು ಕೂಟವನ್ನು ಅಂಚೆ ಕಚೇರಿಯ ಹಿಂದಿನ ಕೋಣೆಯಿಂದ ಎತ್ತಿಕೊಂಡು ಹೋಗಿ ಊರಾಚೆಯ ಹೊಸ ಕಟ್ಟಡದಲ್ಲಿ ಇಟ್ಟಿರಿ. ಅವರು ಹಳೆಯ ಬಾಗಿಲಿಗೇ ಬಂದರು. ಅದಕ್ಕೆ ನೀವು ಬೀಗ ಹಾಕಿಸಿದ್ದಿರಿ.

ನಾನು ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ತಲೆ ನರೆಸಿಕೊಂಡವಳು. ಡಾಕ್ಟರುಗಳ ಅಕ್ಷರ ಓದಿ ಓದಿ ಪಳಗಿದ್ದರಿಂದ ನಿಮ್ಮ ಪ್ರಕಟಣೆಯೂ ಅರ್ಥವಾಯಿತು. ನನ್ನ ಅಕ್ಕ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಬ್ಬರಿಗೂ ಮದುವೆಯ ಗೊಡವೆ ಬೇಡವಾಗಿ ಒಂದೇ ಮನೆಯಲ್ಲಿ ಉಳಿದುಕೊಂಡೆವು. ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು. ಆಮೇಲೆ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಸತೊಡಗಿದಳು. ಓದುತ್ತಿದ್ದ ಪೇಪರು, ಒದ್ದೆ ಟವೆಲು, ಅಂಗಡಿಗೆ ಹೊರಟು ನಾನು ತೋಳು ತೂರಿಸಲಿದ್ದ ಬಿಳಿ ಕೋಟು. ಒಂದು ಬೆಳಿಗ್ಗೆ ಆ ಕೋಟನ್ನು ಅಚ್ಚುಕಟ್ಟಾಗಿ ಮಡಿಸಿ ನನ್ನ ಕೈಗಿಟ್ಟು ಕೇಳಿದಳು: "ನೀವು ಯಾವ ವಾರ್ಡಿನವರು?"

ವಾರ್ಡುಗಳಿಂದ ಬಟ್ಟೆ ಒಯ್ಯಲು ಬರುವವರನ್ನು ಅವಳು ಹಾಗೆ ಕೇಳುತ್ತಿದ್ದಳು. ನಾನು ತಂಗಿ ಎಂದೆ. ಸೌಜನ್ಯದಿಂದ ತಲೆಯಾಡಿಸಿ, "ಇರ್ಲಿ, ವಾರ್ಡ್ ಹೇಳಿ" ಎಂದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಈ ಕಾಯಿಲೆಯನ್ನು ವಾಸಿ ಮಾಡುವ ಮದ್ದು ನಮ್ಮ ಅಂಗಡಿಯ ಯಾವ ಕಪಾಟಿನಲ್ಲೂ ಇಲ್ಲ. ಇದ್ದಿದ್ದರೆ ಕದ್ದಾದರೂ ತರುತ್ತಿದ್ದೆ. ನಿದ್ದೆಗೆ ಒಂದಿದೆ, ಗಾಬರಿಗೆ ಒಂದಿದೆ, ಎರಡರಿಂದಲೂ ಅವಳು ಮಂಕಾಗಿ ಗೋಡೆ ನೋಡುತ್ತ ಕೂರುತ್ತಿದ್ದಳು. ಅವಳಿಗೆ ತಾಗಿದ ಒಂದೇ ಮದ್ದು ಅಂಚೆ ಕಚೇರಿಯ ಹಿಂದಿನ ಆ ಕೋಣೆ. ಹಿಂದೆ ಪಾರ್ಸೆಲ್ ವಿಂಗಡಿಸುತ್ತಿದ್ದ ಜಾಗ. ಉದ್ದನೆಯ ಮೇಜು, ಅದರ ಮೇಲೆ ಮೊಹರು ಕುಟ್ಟಿ ಕುಟ್ಟಿ ಬಿದ್ದ ಗುಳಿಗಳು, ಎಷ್ಟು ತೊಳೆದರೂ ಹೋಗದ ಅಂಟಿನ ವಾಸನೆ. ನೀವು ಒಂದು ಸಲ ತನಿಖೆಗೆ ಬಂದು ಕರವಸ್ತ್ರ ಮೂಗಿಗೆ ಹಿಡಿದುಕೊಂಡಿದ್ದು ನೆನಪಿದೆ. ನಿಮ್ಮ ಮೂಗಿನ ಮೇಲೆ ನನಗೆ ದೂರಿಲ್ಲ, ವಾಸನೆ ನಿಜಕ್ಕೂ ಇತ್ತು.

ಆದರೆ ನೀವು ಬಾಗಿಲನ್ನು ಗಮನಿಸಿರಲಾರಿರಿ, ನಿಮಗಾಗಿ ಯಾರೋ ತೆರೆದು ಹಿಡಿದಿದ್ದರು. ಆ ಬಾಗಿಲು ಕೆಳಗೆ ಊದಿಕೊಂಡು ಹೊಸ್ತಿಲಿಗೆ ಕಚ್ಚಿಕೊಳ್ಳುತ್ತಿತ್ತು. ಹಿಡಿಯನ್ನು ಮೇಲಕ್ಕೆತ್ತಿ ಸೊಂಟದಿಂದ ಒಂದು ತಳ್ಳು ತಳ್ಳಬೇಕು. ಲಾಂಡ್ರಿಯ ಬಾಗಿಲೂ ಹಾಗೇ ಇತ್ತೇನೋ, ಮೊದಲ ದಿನವೇ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಎತ್ತಿ ತಳ್ಳಿದಳು. ಆಮೇಲಿನ ದಿನಗಳಲ್ಲಿ ಗಲ್ಲಿಯ ಮೂಲೆಯ ಸೈಕಲ್ ಅಂಗಡಿಯ ಮುಂದೆ ಟ್ಯೂಬು ನೇತಾಡುವುದು ಕಂಡರೆ ಸಾಕು, ನನ್ನ ಕೈ ಬಿಟ್ಟು ಗಲ್ಲಿಗೆ ತಿರುಗಿ ಬೇಗ ಬೇಗ ನಡೆಯುತ್ತಿದ್ದಳು. ತಾರೀಕು ಗೊತ್ತಿಲ್ಲ, ಊಟ ಮಾಡಿದ್ದು ಗೊತ್ತಿಲ್ಲ, ತಂಗಿ ಯಾರು ಗೊತ್ತಿಲ್ಲ, ಆ ಬಾಗಿಲು ಮಾತ್ರ ಗೊತ್ತು. ಒಳಗಿದ್ದವರು ಎದ್ದು, "ಬಂದ್ರಾ, ಈಗ ಕೆಲಸ ಶುರು" ಎನ್ನುತ್ತಿದ್ದರು. ಆಗ ಅವಳ ಬೆನ್ನು ನೆಟ್ಟಗಾಗುವುದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ.

ಕೂಟ ನಡೆಸುತ್ತಿದ್ದವರು ಒಬ್ಬ ನಿವೃತ್ತ ನರ್ಸಮ್ಮ. ಅಕ್ಕನ ಕಸುಬು ಕೇಳಿಕೊಂಡು ಒಂದು ಹೊರೆ ಬೆಡ್‌ಶೀಟು ತಂದು ಮೇಜಿನ ಮೇಲೆ ಸುರಿದರು. ಅಕ್ಕ ಒಂದನ್ನೆತ್ತಿ ಎರಡು ಮೂಲೆ ತಾನು ಹಿಡಿದು, ಇನ್ನೆರಡನ್ನು ಯಾರೂ ಇಲ್ಲದ ಕಡೆಗೆ ಚಾಚಿದಳು. ದೊಡ್ಡ ಬೆಡ್‌ಶೀಟನ್ನು ಒಬ್ಬರು ಮಡಿಸಲಾಗದು, ಲಾಂಡ್ರಿಯಲ್ಲಿ ಎದುರಿಗೆ ಯಾವಾಗಲೂ ಒಬ್ಬರು ಇರುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಭಾರೀ ಆಳೊಬ್ಬರು ಎದ್ದು ಬಂದು ಆ ಮೂಲೆಗಳನ್ನು ಹಿಡಿದುಕೊಂಡರು. ಬದುಕೆಲ್ಲ ಲಾರಿ ಓಡಿಸಿದವರು. ನಮ್ಮೆಲ್ಲರಿಗೂ ಲಾರಿಯಣ್ಣ. ಹಿಡಿದವರೇ ಎಂಥ ಜಗ್ಗು ಜಗ್ಗಿದರೆಂದರೆ ಅಕ್ಕ ಮುಗ್ಗರಿಸಿದಳು.

"ಎಳೀಬೇಡ್ರಿ. ಇದೇನು ಟಾರ್ಪಾಲಾ?"

"ಬಿಗಿಯಾಗಿ ಕಟ್ಟದಿದ್ರೆ ದಾರೀಲಿ ಹಾರಿಹೋಗುತ್ತಮ್ಮ. ಲೋಡು ನೆನೆದ್ರೆ ನೀವು ಬರ್ತೀರಾ ಮಾಲೀಕರಿಗೆ ಉತ್ತರ ಹೇಳೋಕೆ?"

"ನಮ್ಮ ಮೇಡಮ್ಮಿಗೆ ಸುಕ್ಕಿದ್ರೆ ಆಗಲ್ಲ. ಮೂಲೆಗೆ ಮೂಲೆ ಸೇರಿಸ್ರಿ, ಹಾಂ, ಈಗ ಮುಂದೆ ಬನ್ನಿ."

ಅವರು ಮುಂದೆ ಬಂದರು. ಮೂಲೆಗಳು ಸೇರಿದವು. ಒಬ್ಬರು ಟಾರ್ಪಾಲು ಕಟ್ಟುತ್ತಿದ್ದರು, ಒಬ್ಬರು ವಾರ್ಡಿಗೆ ಕಳಿಸುವ ಹಾಸು ಮಡಿಸುತ್ತಿದ್ದರು, ಬೆಡ್‌ಶೀಟಿಗೆ ಎರಡೂ ಒಂದೇ. ಹೊರೆ ಮುಗಿದ ಮೇಲೆ ನರ್ಸಮ್ಮ ಅದನ್ನು ಹಿತ್ತಲಿಗೆ ಒಯ್ದು ಕೊಡವಿ ಮತ್ತೆ ತಂದು ಸುರಿಯುತ್ತಿದ್ದರು. ನನಗೆ ಸಿಟ್ಟು ಬಂತು. "ಮಾಡಿದ್ದನ್ನೇ ಮಾಡಿಸ್ತೀರಲ್ಲ, ಇದು ಮೋಸ ಅಲ್ವಾ?" ಎಂದೆ. "ಬೆಳಿಗ್ಗೆ ಮಾಡಿದ ಅಡುಗೆ ನಿಮ್ಮನೇಲಿ ರಾತ್ರಿಗೆ ಉಳಿಯುತ್ತಾ? ಮತ್ತೆ ಮಾಡಲ್ವಾ?" ಎಂದು ನಕ್ಕರು. ಅದು ಪೂರ್ತಿ ಉತ್ತರವಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಕ್ಕ ಆ ದಿನ ಮನೆಗೆ ಬಂದು ಹೊಟ್ಟೆತುಂಬ ಉಂಡು, ಮಾತ್ರೆಯಿಲ್ಲದೆ ಮಲಗಿದಳು.

ಕೂಟ ನಡೆಯುವಷ್ಟು ಹೊತ್ತು ಮನೆಯವರು ಕಿಟಕಿಯ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆವು. ನಿಮ್ಮ ವರದಿಗಳಲ್ಲಿ ನಮಗೆ 'ಆರೈಕೆದಾರರು' ಎಂಬ ಬಿರುದಿದೆ, ಆ ಬೆಂಚಿಗೆ ಮಾತ್ರ ಜಾಗವಿಲ್ಲ. ಬೇರೆಲ್ಲೂ ಆಡಲಾಗದ ಮಾತು ಅಲ್ಲಿ ಆಡುತ್ತಿದ್ದೆವು, ಬೇರೆಲ್ಲಾದರೂ ನಕ್ಕಿದ್ದರೆ ಪಾಪಿಗಳೆನಿಸಿಕೊಳ್ಳುವಂಥದ್ದಕ್ಕೆ ಬಿದ್ದು ಬಿದ್ದು ನಗುತ್ತಿದ್ದೆವು. ಲಾರಿಯಣ್ಣನ ಹೆಂಡತಿ ಒಂದು ದಿನ ಹೇಳಿದರು: "ನಮ್ಮ ಯಜಮಾನ್ರು ನನ್ನನ್ನ ಕ್ಲೀನರ್ ಅಂದ್ಕೊಂಡಿದಾರೆ ಕಣ್ರೀ. ಮಂಚದ ಮೇಲೆ ಕೂತು, 'ಹಿಂದೆ ನೋಡೋ, ರಿವರ್ಸ್ ಬರ್ಲಾ?' ಅಂತಾರೆ. ನಾನೂ ಗೋಡೆ ತಟ್ಟಿ 'ಬರ್ಲಿ ಬರ್ಲಿ' ಅಂತೀನಿ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಕೊನೆಗೊಂದು ಕೆಲಸ ಸಿಕ್ತು." ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು, ಆಮೇಲೆ ಆ ನೀರು ನಿಲ್ಲಲಿಲ್ಲ.

ಇಂಥ ಹೊತ್ತಿನಲ್ಲಿ ನಿಮಗೆ ನಮ್ಮ ಮೇಲೆ ಕರುಣೆ ಉಕ್ಕಿತು. ಪಾರ್ಸೆಲ್ ಕೋಣೆ ಮನುಷ್ಯರು ಕೂರಲು ತಕ್ಕುದಲ್ಲವೆಂದು ತೀರ್ಮಾನಿಸಿ, ಊರಾಚೆ ಹೊಸ ಕಟ್ಟಡ ಕಟ್ಟಿಸಿದಿರಿ. ಉದ್ಘಾಟನೆಯ ದಿನ ನಾನು ಅಕ್ಕನನ್ನು ಕರೆದುಕೊಂಡು ಬಂದಿದ್ದೆ. ಚಂದದ ಕಟ್ಟಡ, ಸುಳ್ಳು ಹೇಳಲಾರೆ. ತಾನಾಗಿ ತೆರೆಯುವ ಗಾಜಿನ ಬಾಗಿಲು, ಮುಖ ಕಾಣುವಂಥ ನೆಲ, ಗೋಡೆಯಗಲದ ಪರದೆ. ಅಕ್ಕ ಬಾಗಿಲಿನ ಹಿಡಿ ಹುಡುಕುತ್ತ ಕೈ ಚಾಚಿದಳು. ಹಿಡಿ ಇರಲಿಲ್ಲ. ಕೈ ಮುಟ್ಟುವ ಮೊದಲೇ ಬಾಗಿಲು ಸರ್ರನೆ ಸರಿಯಿತು, ಬೆಚ್ಚಿ ಹಿಂದೆ ಬಂದಳು, ಅದು ಮುಚ್ಚಿಕೊಂಡಿತು. ಗಾಜಿನಲ್ಲಿ ಒಬ್ಬ ಮುದುಕಿ ಕಂಡಳು. "ಒಳಗೆ ಯಾರೋ ನಿಂತಿದಾರೆ. ನಮ್ಮನ್ನ ಬಿಡ್ತಿಲ್ಲ" ಎಂದಳು. ಹೇಗೋ ಒಳಗೆ ಕರೆದೊಯ್ದರೆ, ಹೊಳೆಯುವ ನೆಲ ನೋಡಿ ಉಡುಪಿನ ಅಂಚು ಎತ್ತಿ ಹಿಡಿದು ನಿಂತುಬಿಟ್ಟಳು. "ಪೈಪು ಒಡೆದಿದೆ, ನೀರು ನಿಂತಿದೆ. ಮೊದಲು ಯಾರಿಗಾದ್ರೂ ಹೇಳಿ." ಅಷ್ಟು ದೂರದಲ್ಲಿ ನೀವು ವೇದಿಕೆಯ ಮೇಲೆ ನಿಂತು, ಇದು ಅವರದೇ ಮನೆ ಎನ್ನುತ್ತಿದ್ದಿರಿ.

ಬೆಡ್‌ಶೀಟು ಎಲ್ಲಿ ಎಂದು ಕೇಳಿದೆ. ನಿಮ್ಮ ಕಚೇರಿಯವರೊಬ್ಬರು, ಬಟ್ಟೆ ಮಡಿಸುವಂಥ ಕೂಲಿಕೆಲಸ ಹಿರಿಯರ ಘನತೆಗೆ ಕುಂದು, ಇನ್ನು ಮುಂದೆ ಪರದೆಯ ಮೇಲೆ ಮೆದುಳಿನ ವ್ಯಾಯಾಮ, ಅದಕ್ಕೆ ನರ್ಸಮ್ಮ ಬೇಕಿಲ್ಲ ಎಂದರು. ಯಾರ ಘನತೆ? ನಮ್ಮ ಅಕ್ಕ ಮಡಿಸಿದ ಹಾಸಿನ ಮೇಲೆ ಈ ಊರಿನ ಎಷ್ಟು ಜನ ಹುಟ್ಟಿದ್ದಾರೆ, ನೀವೂ ಹುಟ್ಟಿರಬಹುದು. ಆ ಕೆಲಸದಲ್ಲಿ ಕುಂದು ಕಂಡವರಲ್ಲಿ ನೀವೇ ಮೊದಲಿಗರು.

ಮನೆಯಿಂದ ಕರೆದೊಯ್ಯಲು ವ್ಯಾನು ಬಿಟ್ಟಿರಿ, ಅದಕ್ಕೂ ಕೃತಜ್ಞಳು. ಆದರೆ ಲಾರಿಯಣ್ಣ ಹಿಂದಿನ ಸೀಟಿನಲ್ಲಿ ಕೂರುವವರಲ್ಲ. "ನನ್ನ ಸೀಟಲ್ಲಿ ಕೂತಿದೀಯಲ್ಲ, ಇಳಿ" ಎಂದು ಚಾಲಕನ ಜೊತೆ ವಾದಕ್ಕಿಳಿದರು. ಎರಡನೆಯ ಸಲ ವ್ಯಾನು ಅವರ ಮನೆಯ ಮುಂದೆ ನಿಲ್ಲಲೇ ಇಲ್ಲ. ಹೆಂಡತಿ ಅವರ ಕೈ ಹಿಡಿದು ಅಭ್ಯಾಸದ ದಾರಿಯಲ್ಲೇ ನಡೆಸಿಕೊಂಡು ಹಳೆಯ ಕೋಣೆಗೆ ಬಂದರು. ನಾನೂ ಅಕ್ಕನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಕೋಣೆಯಲ್ಲಿ ನಿಮ್ಮ ಕಚೇರಿಯ ಹಳೆಯ ಕಡತಗಳನ್ನು ತುಂಬಿಸಿದ್ದಾರೆಂದು ನಮಗೆ ಗೊತ್ತಿರಲಿಲ್ಲ.

ಇನ್ನು ಬರೆಯುವುದು ನನಗೆ ಕಷ್ಟ. ಟ್ಯೂಬುಗಳನ್ನು ಕಂಡು ಅಕ್ಕ ನನ್ನ ಕೈ ಬಿಟ್ಟಳು. ಬೇಗ ಬೇಗ ನಡೆದಳು. ಹಿಡಿಯನ್ನು ಎತ್ತಿ ಸೊಂಟದಿಂದ ತಳ್ಳಿದಳು. ಬಾಗಿಲು ಅಲುಗಲಿಲ್ಲ. ಮೇಲೆ, ಅವಳ ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ, ಹೊಸ ಬೀಗವಿತ್ತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ತಳ್ಳಿದಳು. ಆಮೇಲೆ ತನ್ನ ಕೈಗಳನ್ನೇ ನೋಡಿಕೊಂಡು, ತೀರಾ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದಳು:

"ಎತ್ತಿ ತಳ್ಳೋದಲ್ವಾ ಇದು? ನಂಗೆ ಇದೂ ಮರೆತುಹೋಯ್ತಾ?"

"ಇಲ್ಲಕ್ಕ, ನೀನು ಸರಿಯಾಗೇ ಮಾಡಿದೆ. ಬೀಗ ಹಾಕಿದಾರೆ, ನೋಡು" ಎಂದೆ. ಅವಳ ಗಲ್ಲ ಹಿಡಿದೆತ್ತಿ ಬೀಗ ತೋರಿಸಿದೆ. ಅವಳಾಗಲೇ ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದಳು. ಅವತ್ತಿನಿಂದ ಅವಳು ಯಾವ ಬಾಗಿಲನ್ನೂ ಮುಟ್ಟುವುದಿಲ್ಲ. ಬಚ್ಚಲಮನೆಯ ಬಾಗಿಲ ಮುಂದೆ ಯಾರಾದರೂ ತೆರೆಯುವವರೆಗೆ ನಿಂತೇ ಇರುತ್ತಾಳೆ. ಒಂದೊಂದು ಸಲ ನಾನು ಬರುವುದು ತಡವಾಗಿ ಬಟ್ಟೆ ಒದ್ದೆಯಾಗುತ್ತದೆ, ಆಗ ನಾಚಿಕೆಯಿಂದ ಅಳುತ್ತಾಳೆ. ನೂರೆಂಟು ವಿಷಯಗಳನ್ನು ಕಾಯಿಲೆ ಅವಳಿಂದ ಕಿತ್ತುಕೊಂಡಿತು, ಅದಕ್ಕೆ ನಾನು ಯಾರಿಗೂ ಪತ್ರ ಬರೆಯಲಿಲ್ಲ. ಇದೊಂದನ್ನು ಕಿತ್ತುಕೊಂಡಿದ್ದು ಕಾಯಿಲೆಯಲ್ಲ, ನಿಮ್ಮ ಬೀಗ.

ಮತ್ತೂ ಕೆಲವು ದಿನ ನಾವು ಅಲ್ಲಿಗೆ ಹೋದೆವು. ನಾನು ಮನೆಯಿಂದ ಒಂದು ಬೆಡ್‌ಶೀಟು ಒಯ್ಯುತ್ತಿದ್ದೆ. ಅಕ್ಕನೂ ಲಾರಿಯಣ್ಣನೂ ಮುಚ್ಚಿದ ಬಾಗಿಲಿನ ಮುಂದೆ, ಮೆಟ್ಟಿಲ ಬುಡದಲ್ಲಿ ನಿಂತು ಅದನ್ನು ಮಡಿಸುತ್ತಿದ್ದರು. ಕಡತಗಳಿಗೆ ನೀವಿಟ್ಟ ಕಾವಲುಗಾರ ಒಳ್ಳೆಯವನು. "ಸಾಹೇಬ್ರು ನೋಡಿದ್ರೆ ನನ್ನ ಕೆಲಸ ಹೋಗುತ್ತಮ್ಮ, ನಾನು ಆ ಕಡೆ ತಿರುಗಿರ್ತೀನಿ" ಎಂದು ಬೆನ್ನು ಹಾಕಿ ನಿಲ್ಲುತ್ತಿದ್ದ. ಆಮೇಲೆ ಲಾರಿಯಣ್ಣ ಬರಲಿಲ್ಲ. ಅವರ ಹೆಂಡತಿ ಅಂಗಡಿಗೆ ಬಂದು, ನಾನೇ ಕೊಟ್ಟಿದ್ದ ಮಾತ್ರೆಗಳ ಒಡೆಯದ ಪೊಟ್ಟಣವನ್ನು ಕೌಂಟರಿನ ಮೇಲಿಟ್ಟು, "ಯಾರಿಗಾದ್ರೂ ಕೊಡಿ, ಇನ್ನು ಬೇಕಾಗಲ್ಲ" ಎಂದರು. ಎದೆಯಲ್ಲಿ ಕಫ ಕಟ್ಟಿತ್ತು, ವಯಸ್ಸೂ ಆಗಿತ್ತು. ಅದನ್ನು ನಿಮ್ಮ ತಲೆಗೆ ಕಟ್ಟಲು ಈ ಪತ್ರ ಬರೆಯುತ್ತಿಲ್ಲ. ಆದರೆ ಅಷ್ಟು ದೊಡ್ಡ ದೇಹದ ಮನುಷ್ಯ ತನ್ನ ಕೊನೆಯ ಮಧ್ಯಾಹ್ನಗಳನ್ನು ನಿಮ್ಮ ಕಡತಗಳ ಹೊರಗೆ ನಿಂತು ಕಳೆದರೆಂಬುದು ನಿಮಗೆ ತಿಳಿದಿರಲಿ.

ಈಗ ನನ್ನ ಬೇಡಿಕೆ. ನಿಮ್ಮ ಹೊಸ ಕಟ್ಟಡ ಖಾಲಿಯಿದೆ, ನಮ್ಮ ಹಳೆಯ ಕೋಣೆ ತುಂಬಿದೆ. ದಯವಿಟ್ಟು ಅದಲು ಬದಲು ಮಾಡಿ. ಕಡತಗಳನ್ನು ಆ ಚಂದದ ಕಟ್ಟಡಕ್ಕೆ ಕಳಿಸಿ. ಅವು ವ್ಯಾನಿನಲ್ಲಿ ಯಾವ ಸೀಟಿನಲ್ಲಾದರೂ ಕೂರುತ್ತವೆ. ನೆಲ ಹೊಳೆದರೆ ನೀರೆಂದು ಹೆದರುವುದಿಲ್ಲ, ಬಾಗಿಲಿಗೆ ಹಿಡಿ ಹುಡುಕುವುದಿಲ್ಲ. ಎಲ್ಲಿ ಇಟ್ಟರೂ ಇಟ್ಟಲ್ಲೇ ಇರುತ್ತವೆ, ಯಾರು ಮರೆತರೂ ಅಳುವುದಿಲ್ಲ. ಅಷ್ಟೊಂದು ಸುಖವನ್ನು ತಡೆದುಕೊಳ್ಳುವ ಶಕ್ತಿ ಅವಕ್ಕಿದೆ, ನಮ್ಮವರಿಗಿಲ್ಲ. ಹಳೆಯ ಕೋಣೆಯನ್ನೂ, ನರ್ಸಮ್ಮನನ್ನೂ, ಕಿಟಕಿಯ ಹೊರಗಿನ ಬೆಂಚನ್ನೂ ನಮಗೆ ವಾಪಸು ಕೊಡಿ.

ಬೇಗ ಕೊಡಿ. ನಿಮ್ಮ ಕಚೇರಿಗೆ ಆತುರ ಎಂಬುದು ಒಂದು ಬಗೆಯ ಅಶಿಸ್ತು ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನೆ ಸಂಜೆ ಅಕ್ಕ ಬೆಡ್‌ಶೀಟಿನ ಎರಡು ಮೂಲೆ ಹಿಡಿದು, ಇನ್ನೆರಡನ್ನು ಗೋಡೆಯ ಕಡೆಗೆ ಚಾಚಿ ನಿಂತಿದ್ದಳು. ನಾನು ಹೋಗಿ ಹಿಡಿದುಕೊಂಡೆ. "ನೀವಲ್ಲ, ಅವರು ಬರ್ತಾರೆ" ಎಂದಳು. ಅವರು ಬರುವುದಿಲ್ಲ ಎಂದು ಹೇಳುವ ಬದಲು, "ನಾಳೆ ಪಾರ್ಸೆಲ್ ಕೋಣೆಗೆ ಹೋಗೋಣ್ವಾ?" ಎಂದು ಕೇಳಿದೆ. ಹಿಡಿದ ಮೂಲೆಗಳನ್ನು ಕೆಳಗಿಳಿಸಿ ಹೇಳಿದಳು: "ಬೇಡ. ನಂಗೆ ಅಲ್ಲಿ ಬಾಗಿಲು ತೆಗೆಯೋಕೆ ಬರಲ್ಲ."

ಆದ್ದರಿಂದ ಕೊನೆಯದಾಗಿ ಇನ್ನೊಂದು ಮಾತು. ಬೀಗ ತೆಗೆಸುವಾಗ, ನಮ್ಮ ಮೇಲಿನ ಅಭಿಮಾನದಿಂದ ಬಡಗಿಯನ್ನು ಕರೆಸಿ ಬಾಗಿಲನ್ನು ಸರಿ ಮಾಡಿಸಲು ಹೋಗಬೇಡಿ. ಅದು ಹಾಗೇ ಹೊಸ್ತಿಲಿಗೆ ಕಚ್ಚಿಕೊಂಡಿರಲಿ. ನಾನು ಅಕ್ಕನ ಕೈಯನ್ನು ಹಿಡಿಯ ಮೇಲಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಅವಳು ಎತ್ತಿ ತಳ್ಳಿದರೆ ಅದು ತೆರೆಯಬೇಕು.

ಇಂತಿ,
ಬೆಡ್‌ಶೀಟಿನ ಇನ್ನೆರಡು ಮೂಲೆ ಹಿಡಿದು ನಿಂತಿರುವ,
ಯಾವ ವಾರ್ಡಿಗೂ ಸೇರದ ಒಬ್ಬ ತಂಗಿ