ಗೋಪುರದ ಮೇಲಿನಿಂದ ಬಂದ ಪ್ರಶ್ನೆ

ಪೀಸಾ, ಭಾನುವಾರ

ಪ್ರೀತಿಯ ಅಮ್ಮನಿಗೆ,

ಪದವಿಗೆ ಮುನ್ನ ವಾಲುಗೋಪುರ ಹತ್ತಿದ ವಿದ್ಯಾರ್ಥಿಗೆ ಪದವಿಯೇ ದಕ್ಕುವುದಿಲ್ಲವೆಂದು ಇಲ್ಲಿಯವರ ನಂಬಿಕೆ. ತರಗತಿಗೇ ಮೊದಲಿಗಳಾದ ನಾನು ಅದನ್ನು ನಂಬುವುದಿಲ್ಲ, ಹತ್ತಿಯೂ ಇರಲಿಲ್ಲ.

ವಾರಾಂತ್ಯಕ್ಕೆ ನನ್ನೊಡನೆ ಊರು ಸುತ್ತಲು ಬಂದ ರೆನ್ಸೋ ನಿನ್ನೆ ಒಬ್ಬನೇ ಹತ್ತಿ, ಮೇಲಿನಿಂದ ಕೂಗಿದ: "ಒರ್ನೆಲ್ಲಾ, ನನ್ನ ಮದ್ವೆ ಆಗ್ತೀಯಾ? ಉಂಗುರ ಇಲ್ಲಿದೆ, ಬಾರೇ!"

"ನೀನೇ ಇಳಿದು ಬಾರೋ, ಮುಂದಿನ ವಾರ ನನ್ನ ಕೊನೇ ಪರೀಕ್ಷೆ!"

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಗದರಿದರು: "ಹತ್ತೇ ಹುಡುಗಿ! ಪರೀಕ್ಷೆ ಇನ್ನೊಂದ್ಸಲ ಬರುತ್ತೆ, ಇವನು ಬರ್ತಾನಾ?"

ಹತ್ತಿದೆ. ಉಂಗುರ ಬೆರಳಿಗೆ ಸರಿಯಾಗಿ ಕೂತಿದೆ.

ಒಂದು ವಿನಂತಿ. ಪತ್ರ ತಲುಪಿದೊಡನೆ, ವಿದ್ಯಾರ್ಥಿಗಳನ್ನು ಕಾಯುವ ಸಂತ ಜುಸೆಪ್ಪೆಯ ಮುಂದೆ ಮೇಣದಬತ್ತಿ ಹಚ್ಚು. ಚಿಕ್ಕದು ಬೇಡ. ಯಾರಾದರೂ ಕೇಳಿದರೆ, ಮದುವೆಗಾಗಿ ಎಂದು ಹೇಳು.

ನಿನ್ನ ವಿಚಾರವಾದಿ ಮಗಳು,
ಒರ್ನೆಲ್ಲಾ