ಹೊರಗಿನ ಚಿಲಕ

ಅಪ್ಪ,

ಇವತ್ತು ಕುಡಿತ ಬಿಡಿಸುವ ವಾರ್ಡಿನ ಡಾಕ್ಟರುಗಳಾದ ನಮಗೆ ಒಂದು ಟ್ರೈನಿಂಗ್ ಇತ್ತು. ಮನಸ್ಸಿಗೆ ಹಿಂದೆ ಬಿದ್ದ ಪೆಟ್ಟನ್ನು ಮರೆಯಲು ಕುಡಿಯುವವರನ್ನು ಹೇಗೆ ನೋಡಿಕೊಳ್ಳಬೇಕು ಅಂತ. ಕಲಿಸಲು ಬಂದ ಕುಶಲಾ ಮೇಡಂ ನನ್ನನ್ನು ಪೇಷೆಂಟ್ ಮಾಡಿ ಕೂರಿಸಿದರು, ನನ್ನ ಜೂನಿಯರ್ ತುಷಾರನನ್ನು ಡಾಕ್ಟರ್ ಮಾಡಿದರು. ಅವ ಮೊದಲು ಹೋಗಿ ಬಾಗಿಲ ಚಿಲಕ ಹಾಕಿದ.

“ಬಾಗಿಲು ಹಾಕ್ಬಹುದಾ ಅಂತ ಅವರನ್ನು ಕೇಳಿದ್ರಾ?” ಅಂದರು ಮೇಡಂ.

ತುಷಾರ್ ನಕ್ಕ. “ಎಂತ ಮೇಡಂ, ಬಾಗಿಲಿಗೆಲ್ಲ ಯಾರು ಹೆದರ್ತಾರೆ?”

ಬೋಟು ಮಗುಚಿದ ದಿನ ನೀವು ಮೀನು ತುಂಬುವ ಕೋಣೆಯೊಳಗೆ ಸಿಕ್ಕಿಬಿದ್ದಿದ್ದಿರಿ, ಮುಚ್ಚಳ ಬಡಿದು ಬಡಿದು ಕೈಯೆಲ್ಲ ರಕ್ತವಾಗಿತ್ತು ಅಂತ ನಿಮ್ಮ ಜೊತೆಗಾರ ಕಮಲೇಶಣ್ಣ ಹೇಳಿದ್ದು ನಿಮ್ಮ ಉತ್ತರಕ್ರಿಯೆಯ ದಿನ. ಕಡಲಿನಿಂದ ಬಂದವರ ಹತ್ತಿರ ಅಲ್ಲಿ ಎಂತ ಆಯ್ತು ಅಂತ ಕೇಳುವ ಕ್ರಮ ನಮ್ಮ ಮನೆಯಲ್ಲಿ ಇರಲಿಲ್ಲ. ಜೀವಂತ ಬಂದರಲ್ಲ ಅಂತ ಅಮ್ಮ ಗಂಜಿ ಬಡಿಸಿದ್ದರು. ನೀವು ಕುಡಿಯಲು ಶುರು ಮಾಡಿದ್ದು ಅದರ ನಂತರ. ರಸ್ತೆಗೆ ಹೋಗಿ ಬೀಳದ ಹಾಗೆ ನಿಮ್ಮನ್ನು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದೆವು. ನೀವು ಬಾಗಿಲು ಬಡಿದರೆ ಟಿವಿಯ ಸೌಂಡ್ ಜಾಸ್ತಿ ಮಾಡುತ್ತಿದ್ದೆವು.

ಸಂಜೆ ಪಂಪ್‌ವೆಲ್‌ನಲ್ಲಿ ಬಸ್ಸಿಳಿದು ಒಂದು ಸ್ಕ್ರೂಡ್ರೈವರ್ ಕೊಂಡೆ. ಮನೆಗೆ ಬಂದವಳೇ ನಿಮ್ಮ ಕೋಣೆಯ ಆ ಚಿಲಕ ಬಿಚ್ಚಲು ಕೂತೆ. ಸ್ಕ್ರೂಗಳಿಗೆಲ್ಲ ತುಕ್ಕು ಹಿಡಿದಿದೆ, ತಿರುಗುವುದೇ ಇಲ್ಲ. ಬಾಗಿಲಿನ ಒಳಬದಿಯಲ್ಲಿ ನಿಮ್ಮ ಎದೆಯ ಎತ್ತರಕ್ಕೆ ಬಣ್ಣ ಕಿತ್ತುಹೋಗಿದೆ.

ಅಮ್ಮ ಅಡುಗೆಮನೆಯಿಂದ ಬಂದು ನೋಡಿದರು.

“ಈಗ ಎಂತಕ್ಕೆ ಅದು,” ಅಂದರು. “ಒಳಗೆ ಯಾರೂ ಇಲ್ಲವಲ್ಲ.”